ಮ್ಯಾನುಫ್ಯಾಕ್ಚರಿಂಗ್ ಬಿಟ್ಟು ಬರೀ ಪಿಎಲ್‌ಸಿ ಕಲಿತರೆ ಆಟೊಮೇಷನ್‌ಗೆ ಸಾಕೇ?

ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೀರಿ, ಮ್ಯಾನುಫ್ಯಾಕ್ಚರಿಂಗ್ ಎಲೆಕ್ಟಿವ್ ಕೈಬಿಟ್ಟು ನೇರ ಪಿಎಲ್‌ಸಿ (ಮೆಷಿನ್ ನಡೆಸುವ ಪ್ರೋಗ್ರಾಮೆಬಲ್ ಕಂಟ್ರೋಲರ್) ಕೋರ್ಸ್ ಸೇರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಪಿಎಲ್‌ಸಿಯ ಪ್ರೋಗ್ರಾಂ ಭಾಷೆಯಾದ ಲ್ಯಾಡರ್ ಬರೆಯುವುದು ಕೆಲವು ತಿಂಗಳ ಅಭ್ಯಾಸ. ಮೆಷಿನ್ ನಿಂತಾಗ ತಪ್ಪು ಪ್ರೋಗ್ರಾಂನಲ್ಲಿದೆಯೋ, ಜಾಬ್ (ಕೆಲಸ ನಡೆಯುವ ಲೋಹದ ಭಾಗ) ಹಿಡಿದಿಡುವ ಫಿಕ್ಸ್ಚರ್‌ನಲ್ಲಿದೆಯೋ ಎಂದು ಹೇಳುವುದಕ್ಕೆ ಮಾತ್ರ ಮ್ಯಾನುಫ್ಯಾಕ್ಚರಿಂಗ್ ಗೊತ್ತಿರಲೇಬೇಕು.

ಒಂದು ಡ್ರಿಲ್ಲಿಂಗ್ ಫಿಕ್ಸ್ಚರ್ ತೆಗೆದುಕೊಳ್ಳಿ. ಜಾಬ್ ಒತ್ತಿ ಹಿಡಿಯುವ, 50 ಮಿ.ಮೀ. ಬೋರಿನ (ಒಳವ್ಯಾಸದ) ಸಿಲಿಂಡರ್ 6 ಬಾರ್ ಗಾಳಿಯಲ್ಲಿ ಲೆಕ್ಕಕ್ಕೆ ಸುಮಾರು 1,180 ನ್ಯೂಟನ್ ಬಲದಿಂದ ತಳ್ಳುತ್ತದೆ. ರಾಡ್ 20 ಮಿ.ಮೀ. ಇದ್ದರೆ ಹಿಂದಕ್ಕೆ ಎಳೆಯುವಾಗ ಸಿಗುವುದು ಸುಮಾರು 990 ಅಷ್ಟೇ. ಸಿಲಿಂಡರ್ ಮೇಲಿನ ರೀಡ್ ಸ್ವಿಚ್ ‘ಕ್ಲ್ಯಾಂಪ್ ಆಯಿತು’ ಎಂದು ಸಿಗ್ನಲ್ ಕೊಡುತ್ತದೆ, ಡ್ರಿಲ್ ಇಳಿಯುತ್ತದೆ, ತೂತು ಮಾತ್ರ ಓರೆ. ಪ್ರೋಗ್ರಾಂ ಎಷ್ಟು ಹುಡುಕಿದರೂ ತಪ್ಪು ಸಿಗದು. ಜಾಬ್ ಕೆಳಗೆ ಅರ್ಧ ಮಿ.ಮೀ. ಚಿಪ್ ಸಿಕ್ಕಿಕೊಂಡಿರುತ್ತದೆ! ರೀಡ್ ಸ್ವಿಚ್ ನೋಡುವುದು ಪಿಸ್ಟನ್‌ನ ಮ್ಯಾಗ್ನೆಟ್ ಹತ್ತಿರ ಬಂತೇ ಎಂಬುದನ್ನಷ್ಟೇ. ಅದು ಆನ್ ಆಗಿರುವ ವ್ಯಾಪ್ತಿಯೇ ಕೆಲವು ಮಿ.ಮೀ. ಇರುವುದರಿಂದ ಅರ್ಧ ಮಿ.ಮೀ. ವ್ಯತ್ಯಾಸ ಅದಕ್ಕೆ ತಿಳಿಯುವುದೇ ಇಲ್ಲ. ಪರಿಹಾರ ಹೀಗೆ: ಜಾಬ್ ಕೂರುವ ರೆಸ್ಟ್ ಪ್ಯಾಡ್ ಚಿಕ್ಕದಾಗಿ, ಎತ್ತರಿಸಿ ಮಾಡಿ, ಚಿಪ್ ಬದಿಗೆ ಬೀಳಲಿ. ಪ್ಯಾಡ್ ನಡುವೆ 1.5 ಮಿ.ಮೀ. ತೂತು ಕೊರೆದು ಗಾಳಿ ಬಿಟ್ಟು, ಲೈನಿಗೆ ಪ್ರೆಷರ್ ಸ್ವಿಚ್ ಹಾಕಿ. ಜಾಬ್ ಸರಿಯಾಗಿ ಕೂತರೆ ತೂತು ಮುಚ್ಚಿ ಒತ್ತಡ ಏರುತ್ತದೆ; ಏರದಿದ್ದರೆ ಡ್ರಿಲ್ ಇಳಿಯಕೂಡದು.

ಅದೇ ಫಿಕ್ಸ್ಚರ್‌ಗೆ ಸ್ಪ್ರಿಂಗ್ ರಿಟರ್ನ್ ಇರುವ ಸಿಂಗಲ್ ಸೊಲೆನಾಯ್ಡ್ (ಒಂದೇ ವಿದ್ಯುತ್ ಕಾಯಿಲ್‌ನ) 5/2 ವಾಲ್ವ್, ಅಂದರೆ ಐದು ಪೋರ್ಟ್, ಎರಡು ಸ್ಥಾನದ ವಾಲ್ವ್ ಹಾಕಿ, ಕಾಯಿಲ್ ಆನ್ ಇದ್ದಾಗ ಕ್ಲ್ಯಾಂಪ್ ಎಂದು ಪೈಪ್ ಜೋಡಿಸಿದರೆ, ಕರೆಂಟ್ ಹೋದ ಕ್ಷಣ ಕ್ಲ್ಯಾಂಪ್ ಬಿಡುತ್ತದೆ. ಡ್ರಿಲ್ ಇನ್ನೂ ತಿರುಗುತ್ತಿರುವಾಗ ಜಾಬ್ ಸಡಿಲವಾದರೆ ಎಷ್ಟು ಅಪಾಯ ಯೋಚಿಸಿ. ಡಬಲ್ ಸೊಲೆನಾಯ್ಡ್ ವಾಲ್ವ್ ಕರೆಂಟ್ ಹೋದರೂ ಇದ್ದಲ್ಲೇ ಇರುತ್ತದೆ. ಗಾಳಿಯೇ ಹೋಗುವ ಸಂದರ್ಭಕ್ಕೆ ಸಿಲಿಂಡರ್ ಪಕ್ಕದಲ್ಲೇ ಒಳಗಿನ ಗಾಳಿ ಹಿಡಿದಿಡುವ ಪೈಲಟ್ ಆಪರೇಟೆಡ್ ಚೆಕ್ ವಾಲ್ವ್ ಬೇಕು.

ವೈರಿಂಗ್‌ನಲ್ಲಿ ಹೊಸಬರನ್ನು ಹೆಚ್ಚು ಕಾಡುವುದು ಸೆನ್ಸರ್. ಅದರಲ್ಲಿ ಎರಡು ಬಗೆ: ಪಿಎನ್‌ಪಿ ಔಟ್‌ಪುಟ್ +24 ವೋಲ್ಟ್ ಕೊಡುತ್ತದೆ, ಎನ್‌ಪಿಎನ್ 0 ವೋಲ್ಟ್‌ಗೆ ಎಳೆಯುತ್ತದೆ. ಪಿಎಲ್‌ಸಿ ಇನ್‌ಪುಟ್ ಕಾಮನ್ (ಇನ್‌ಪುಟ್‌ಗಳಿಗೆ ಸೇರಿ ಇರುವ ಟರ್ಮಿನಲ್) ಅದಕ್ಕೆ ಹೊಂದದಿದ್ದರೆ ಸೆನ್ಸರ್ ದೀಪ ಉರಿಯುತ್ತದೆ, ಇನ್‌ಪುಟ್ ದೀಪ ಉರಿಯುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಯಾವಾಗಲೂ ಎನ್‌ಸಿ (ಒತ್ತದಿರುವಾಗ ಮುಚ್ಚಿರುವ) ಕಾಂಟ್ಯಾಕ್ಟ್, ಅದೂ ಸೇಫ್ಟಿ ರಿಲೇ ಮೂಲಕ. ವೈರ್ ತುಂಡಾದರೂ ಮೆಷಿನ್ ನಿಲ್ಲಬೇಕು.

ಮೆಷಿನಿಂಗ್ ಲೆಕ್ಕವೂ ಬಾಯಲ್ಲಿರಲಿ. ಲೇತ್‌ನಲ್ಲಿ 30 ಮಿ.ಮೀ. ವ್ಯಾಸದ ಜಾಬ್‌ಗೆ ನಿಮಿಷಕ್ಕೆ 150 ಮೀ. ಕಟಿಂಗ್ ಸ್ಪೀಡ್ ಬೇಕೆಂದರೆ ಸುಮಾರು 1,590 ಆರ್‌ಪಿಎಂ. ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ) 0.2 ಮಿ.ಮೀ., ಟೂಲ್ ನೋಸ್ ರೇಡಿಯಸ್ 0.8 ಮಿ.ಮೀ. ಇದ್ದರೆ ಆರ್‌ಎ (ಮೇಲ್ಮೈಯ ಒರಟುತನದ ಅಳತೆ) ಲೆಕ್ಕಕ್ಕೆ ಸುಮಾರು 1.6 ಮೈಕ್ರಾನ್. ಡ್ರಾಯಿಂಗ್‌ನಲ್ಲಿ ಆರ್‌ಎ 0.8 ಕೇಳಿದ್ದರೆ ಮೊದಲು ಫೀಡ್ ಇಳಿಸಿ. ರೋಬೊ ಎಷ್ಟೇ ಬೇಗ ಜಾಬ್ ಲೋಡ್ ಮಾಡಿದರೂ ಸೈಕಲ್ ಟೈಮ್‌ನ ದೊಡ್ಡ ಪಾಲು ಸಾಮಾನ್ಯವಾಗಿ ಇಲ್ಲೇ ತೀರ್ಮಾನವಾಗುತ್ತದೆ.

ಕಲಿಯಲು ಕೊಡೆಸಿಸ್ ಎಂಬ ಪಿಎಲ್‌ಸಿ ಸಾಫ್ಟ್‌ವೇರ್‌ನ ಸಿಮ್ಯುಲೇಷನ್ ಉಚಿತ, ಮನೆಯಲ್ಲೇ ಶುರು ಮಾಡಿ. ಕೈಕೆಲಸಕ್ಕೆ ಜಿಟಿಟಿಸಿ, ಎನ್‌ಟಿಟಿಎಫ್, ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ ಎಂಬ ತಾಂತ್ರಿಕ ಸಂಸ್ಥೆಗಳಿವೆ. ಸೇರುವ ಮೊದಲು ಎರಡು ಪ್ರಶ್ನೆ ಕೇಳಿ: ಒಂದು ಕಿಟ್‌ಗೆ ಎಷ್ಟು ಜನ, ವೈರಿಂಗ್ ನಾವೇ ಮಾಡುತ್ತೇವೆಯೇ? ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಮೇಲೆ ಹೇಳಿದ ಫಿಕ್ಸ್ಚರ್ ಅನ್ನೇ ಕಟ್ಟಿ. ಬೇಕೆಂದೇ ಜಾಬ್ ಕೆಳಗೆ ಚಿಪ್ ಇಟ್ಟು, ಮೆಷಿನ್ ಅದನ್ನು ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ.