ಇಂಗ್ಲಿಷ್ ಬರಂಗಿಲ್ಲ, ಜರ್ಮನ್ ಬಂದೀತೇನ್ರಿ?

ಪ್ರಶ್ನೆ: ಯಜಮಾನ್ರು ಜರ್ಮನಿಯೊಳಗ ಕೆಲಸಕ್ಕ ಅದಾರ. ನಾನೂ ಹೋಗಬೇಕಂದ್ರ ಎ1 (ಜರ್ಮನ್ ಭಾಷೆಯ ಮೊದಲ ಹಂತ) ಪರೀಕ್ಷೆ ಪಾಸಾಗಬೇಕಂತ. ಕನ್ನಡ ಮಾಧ್ಯಮದೊಳಗ ಓದೀನಿ, ಇಂಗ್ಲಿಷ್ ಅಷ್ಟಕ್ಕಷ್ಟ. ಮೊದಲ ಇಂಗ್ಲಿಷ್ ಕಲೀಲೋ, ನೇರ ಜರ್ಮನ್ ಹಿಡೀಲೋ?
– ಗೃಹಿಣಿ, ಇಂಡಿ

ಉತ್ತರ: ನೇರ ಜರ್ಮನ್ನೇ ಹಿಡಿಯಿರಿ. ಅದಕ್ಕೂ ಮೊದಲು ಯಜಮಾನರ ವೀಸಾ ಯಾವುದೆಂದು ಕೇಳಿಕೊಳ್ಳಿ. ಅವರ ಬಳಿ ಇಯು ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ನೌಕರರಿಗೆ ಕೊಡುವ ಪರವಾನಗಿ) ಇದ್ದರೆ ಪತ್ನಿಗೆ ಭಾಷಾ ಪ್ರಮಾಣಪತ್ರದ ಷರತ್ತೇ ಇಲ್ಲ. ಆದರೂ ಕಲಿತು ಹೋಗುವುದು ಒಳ್ಳೆಯದು. ದವಾಖಾನೆಯಲ್ಲಿ ಹೊಟ್ಟೆನೋವು ಹೇಳಿಕೊಳ್ಳಲು ಬ್ಲೂ ಕಾರ್ಡ್ ನೆರವಿಗೆ ಬಾರದು.

ಲಿಪಿ ಇಂಗ್ಲಿಷಿನದೇ, ಓದುವ ಬಗೆ ಬೇರೆ. 'ಎ' ಅಕ್ಷರ ಅಲ್ಲಿ 'ಆ', 'ಇ' ಅಕ್ಷರ 'ಏ', 'ಐ' ಅಕ್ಷರ 'ಈ'. ಹೆಚ್ಚುಕಡಿಮೆ ಬರೆದಂತೆಯೇ ಓದುವ ಭಾಷೆ. ಪರೀಕ್ಷೆಯಲ್ಲಿ ಹೆಸರನ್ನೋ ಊರನ್ನೋ ಅಕ್ಷರ ಬಿಡಿಸಿ ಹೇಳಿಸುತ್ತಾರೆ. ಇಂಗ್ಲಿಷ್ ರೂಢಿಯಾದವರು ಎಡವುವುದು ಇಲ್ಲೇ. ವಿಜಯಪುರ ಎಂದರೆ: ಫೌ, ಈ, ಯೋಟ್, ಆ, ಯುಪ್ಸಿಲೋನ್, ಆ, ಪೇ, ಊ, ಎರ್, ಆ. ಇದನ್ನು ಬಾಯಿಪಾಠ ಮಾಡಿ.

ನೆತ್ತಿಯ ಮೇಲೆ ಎರಡು ಚುಕ್ಕೆ ಇರುವ 'ಯು' ಅಕ್ಷರಕ್ಕೆ ನಾಲಿಗೆಯಲ್ಲಿ 'ಈ' ಅನ್ನುತ್ತ ತುಟಿಯನ್ನು 'ಊ'ಗೆ ಮಾಡಿದಂತೆ ದುಂಡಗೆ ಮಾಡಿ. ಚುಕ್ಕೆಯ 'ಓ'ಗೆ ನಾಲಿಗೆ 'ಏ', ತುಟಿ 'ಓ'. ನಮ್ಮವರ ದೊಡ್ಡ ತಪ್ಪು ಬೇರೆಯೇ ಇದೆ. ಬಸ್ಸು, ಕಾರು ಅಂದು ರೂಢಿಯಾದ ಬಾಯಿ ಬ್ರೆಡ್ಡಿನ ಜರ್ಮನ್ ಪದ 'ಬ್ರೋಟ್' ಅನ್ನೂ 'ಬ್ರೋಟು' ಮಾಡುತ್ತದೆ. ಕೊನೆಯ ವ್ಯಂಜನಕ್ಕೆ ಬಾಯಿ ಕಟ್ಟಿ ನಿಲ್ಲಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ ನೋಡಿ.

ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯ್ಟೆ ಸಂಸ್ಥೆಯ ಎ1 ಪರೀಕ್ಷೆಗೆ 100ಕ್ಕೆ 60 ಬೇಕು. ಬರವಣಿಗೆಗೆ 20 ನಿಮಿಷ: ಅರ್ಜಿಯೊಂದರ 5 ಖಾಲಿ ಜಾಗ, ಆಮೇಲೆ ಸುಮಾರು 30 ಪದಗಳ ಪತ್ರ. ಪತ್ರಕ್ಕೆ ಕೊಟ್ಟ ಮೂರೂ ಅಂಶಗಳಿಗೆ ಒಂದೊಂದಾದರೂ ವಾಕ್ಯ ಇರಲೇಬೇಕು. ಒಂದನ್ನೇ ಚೆಂದಗೆ ಬರೆದು ಎರಡು ಬಿಟ್ಟರೆ ಅಂಕ ಹೋದಂತೆ.

ಪ್ರಶ್ನೆ: ಮಗಳು ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ. ಜರ್ಮನಿಯ ಕೆಲಸಕ್ಕೆ ಆರು ತಿಂಗಳಲ್ಲಿ ಜರ್ಮನ್ ಬಿ2 (ಎ1ರಿಂದ ನಾಲ್ಕನೇ ಹಂತ) ಮಾಡಿಸುತ್ತೇವೆ ಎಂದು ಏಜೆಂಟರು ಹೇಳುತ್ತಾರೆ. ನಂಬಬಹುದೇ? ಆಡಿಯೊ ಹಚ್ಚಿದರೆ ಸಂಖ್ಯೆ, ವೇಳೆ ಎರಡೂ ತಪ್ಪುತ್ತಾಳೆ.
– ಪಾಲಕರು, ಬೆಳಗಾವಿ

ಉತ್ತರ: ಲೆಕ್ಕ ಹಾಕಿ. ಸೊನ್ನೆಯಿಂದ ಬಿ2ಗೆ 45 ನಿಮಿಷದ 600ರಿಂದ 800 ಪಾಠ ಬೇಕೆಂಬುದು ಗೊಯ್ಟೆ ಸಂಸ್ಥೆಯ ಅಂದಾಜು. ವಾರಕ್ಕೆ ಆರು ದಿನ, ದಿನಕ್ಕೆ ಎರಡು ಪಾಠವಾದರೆ 50 ವಾರಕ್ಕೆ 600 ಆಗುತ್ತವೆ. ಆರು ತಿಂಗಳೆಂದರೆ ದಿನಕ್ಕೆ ನಾಲ್ಕೈದು ಪಾಠ, ಮೇಲೆ ಮನೆಯ ಅಭ್ಯಾಸ. ಡ್ಯೂಟಿ ಮಾಡುತ್ತ ಇದು ಆಗದ ಮಾತು. ಬಿ2ರಲ್ಲಿ ಓದು, ಆಲಿಕೆ, ಬರಹ, ಮಾತು ನಾಲ್ಕಕ್ಕೂ ಬೇರೆಬೇರೆಯಾಗಿ 60 ಬೇಕು; ಒಂದರಲ್ಲಿ ಬಿದ್ದರೆ ಅದೊಂದನ್ನೇ ಮತ್ತೆ ಕಟ್ಟಬಹುದು.

ಸಂಖ್ಯೆ ತಪ್ಪುವುದೇಕೆಂದರೆ ಜರ್ಮನ್ನರು ಬಿಡಿಯನ್ನು ಮೊದಲು ಹೇಳುತ್ತಾರೆ: 21 ಎಂದರೆ 'ಒಂದು ಮತ್ತು ಇಪ್ಪತ್ತು'. ಕನ್ನಡದ ಇಪ್ಪತ್ತೊಂದಕ್ಕೆ ಇದು ತಿರುವುಮುರುವು, ಆದರೆ ಮರಾಠಿಯ 'ಏಕವೀಸ'ಕ್ಕೆ ಸರಿಜೋಡಿ. ಬೆಳಗಾವಿಯವರಿಗೆ ಮರಾಠಿ ಕಿವಿ ಇದ್ದೇ ಇರುತ್ತದೆ, ಅದನ್ನು ಬಳಸಿಕೊಳ್ಳಲಿ. (ಮರಾಠಿಯ 'ಚಾಂಗಲಾ' ಪದದ ಮೊದಲ ದನಿ ಬಂದರೆ ಜರ್ಮನ್ನಿನ 'ತ್ಸ'ವೂ ಬಂದಂತೆ.) ಮೊದಲ ಅಂಕಿ ಕೇಳಿದ ಕೂಡಲೇ ಪೆನ್ನು ಊರಬಾರದು, ಪೂರ್ತಿ ಕೇಳಿ ಬರೆಯಬೇಕು. ದಿನಕ್ಕೆ ಹತ್ತು ರಕ್ತದೊತ್ತಡದ ಅಂಕಿ, 135 'ತ್ಸು' (ನಡುವಿನ ಅಡ್ಡಗೀಟಿಗೆ ಹೇಳುವ ಪದ) 85 ಎಂಬಂತೆ, ಯಾರಾದರೂ ಓದಲಿ, ಅವಳು ಬರೆಯಲಿ. ವಾರ್ಡಿನಲ್ಲಿ 35 ಹೋಗಿ 53 ಆದರೆ ಅದು ಬರೀ ವ್ಯಾಕರಣದ ತಪ್ಪಲ್ಲ.

ವೇಳೆಯ ಕಥೆಯೂ ಹೀಗೆಯೇ. 'ಹಾಲ್ಪ್ ಝೀಬನ್' ಅಂದರೆ ಪದಶಃ 'ಅರ್ಧ ಏಳು', ಆದರೆ ಅದು ಏಳೂವರೆಯಲ್ಲ, ಆರೂವರೆ. ಏಳಕ್ಕೆ ಅರ್ಧ ದಾರಿ ಬಂದಿದೆ ಎಂದು ತಿಳಿಯಬೇಕು.

ರೋಗಿಯ ಮಾತಿನಲ್ಲಿ ಮಾತ್ರ ಕನ್ನಡವೇ ಕೈಹಿಡಿಯುತ್ತದೆ. 'ಮಿರ್ ಇಸ್ಟ್ ಕಾಲ್ಟ್' ಎಂದರೆ 'ನನಗ ಚಳಿ', 'ಮಿರ್ ಇಸ್ಟ್ ಶ್ವಿಂಡ್ಲಿಶ್' ಎಂದರೆ 'ನನಗ ತಲಿ ತಿರಗತೈತಿ'. ಅದೇ ಚತುರ್ಥಿ ವಿಭಕ್ತಿ. ಇಂಗ್ಲಿಷಿನಿಂದ ತರ್ಜುಮೆ ಮಾಡುವವರು 'ಇಶ್ ಬಿನ್ ಕಾಲ್ಟ್' ಎಂದು ತಪ್ಪುತ್ತಾರೆ. 'ವೈಲ್' ಎಂದು ಕಾರಣ ಹೇಳುವ ವಾಕ್ಯದಲ್ಲಿ ಕ್ರಿಯಾಪದವೂ ನಮ್ಮಂತೆ ಕೊನೆಗೇ ಬರುತ್ತದೆ: 'ವೈಲ್ ಇಶ್ ಫೀಬರ್ ಹಾಬೆ', ಅಂದರೆ 'ನನಗೆ ಜ್ವರ ಇರೋದರಿಂದ'.

ಪ್ರಶ್ನೆ: ಜರ್ಮನ್ ನಾಮಪದದ ಮುಂದ ಬರೋ ಡೇರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕಲಿಂಗ) ನೆನಪಿಟ್ಟುಕೊಳ್ಳೋದು ಹ್ಯಾಂಗ? ಹುಡುಗಿಗೆ 'ಡಾಸ್' ಅಂತಾರಂತ, ನಗು ಬರತದ.
– ವಿದ್ಯಾರ್ಥಿ, ಜಮಖಂಡಿ

ಉತ್ತರ: ನಗುವುದೇಕೆ, ನಮ್ಮ ಕಡೆ 'ಹುಡುಗಿ ಬಂತು' ಅನ್ನುವುದಿಲ್ಲವೇ? 'ಮೇಟ್‌ಶೆನ್' (ಹುಡುಗಿ) ಡಾಸ್ ಆಗಿರುವುದು ಕೊನೆಯ 'ಶೆನ್'ನಿಂದ. ಅದು ಬಂದಲ್ಲೆಲ್ಲ ಡಾಸ್. ಕೊನೆಗೆ 'ಉಂಗ್', 'ಹೈಟ್', 'ಕೈಟ್' ಪ್ರತ್ಯಯ ಇದ್ದರೆ ಡೀ. ಉಳಿದ ಹೆಚ್ಚಿನವಕ್ಕೆ ಸೂತ್ರ ಹುಡುಕುತ್ತ ಕೂರಬೇಡಿ. ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ 'ಡೇರ್ ಟಿಶ್', 'ಡೀ ಲಾಂಪೆ', 'ಡಾಸ್ ಬೂಖ್' ಎಂದು ಜೋಡಿಯಾಗಿ, ಮೂರು ಬಣ್ಣದ ಪೆನ್ನಿನಲ್ಲಿ ಬರೆದು ಮೇಜು, ದೀಪ, ಪುಸ್ತಕದ ಮೇಲೆಯೇ ಅಂಟಿಸಿ.