ಹಡಗಿನ ಗಾಲಾ ಸಂಜೆಗೆ ಏನು ಉಡಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ರಜೆಯ ಪ್ರವಾಸಗಳ ಬುಕಿಂಗ್ ಆರಂಭವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕ್ರೂಸ್ ಹಡಗಿನ ಉಡುಗೆಯನ್ನು ಕುರಿತವು ಹೆಚ್ಚಾಗಿವೆ. ಧಾರವಾಡ, ಗದಗ, ಹುಬ್ಬಳ್ಳಿ ಮತ್ತು ಹಾವೇರಿ ಕಡೆಯ ಓದುಗರು ಬರೆದ ಪತ್ರಗಳಿಗೆ ಈ ಸಲ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೀಗ 64 ವರ್ಷ. ಇಂಗ್ಲೆಂಡಿನಲ್ಲಿರುವ ಮಗ ಸೌತಾಂಪ್ಟನ್ ಬಂದರಿನಿಂದ ಹೊರಡುವ ಕ್ಯುನಾರ್ಡ್ ಕಂಪನಿಯ ಹಡಗಿನಲ್ಲಿ 7 ರಾತ್ರಿಗಳ ಪ್ರವಾಸಕ್ಕೆ ನನಗೂ ನಮ್ಮ ಯಜಮಾನರಿಗೂ ಟಿಕೆಟ್ ಮಾಡಿಸಿದ್ದಾನೆ. ಅದರಲ್ಲಿ ಎರಡು ‘ಗಾಲಾ’ (ಔಪಚಾರಿಕ ಉಡುಗೆಯ) ಸಂಜೆಗಳಿವೆಯೆಂದೂ ಅಂದು ಹೆಂಗಸರು ಉದ್ದನೆಯ ಗೌನ್ ಹಾಕಿಕೊಳ್ಳಬೇಕೆಂದೂ ಸೊಸೆ ಹೇಳುತ್ತಾಳೆ. ಇಷ್ಟು ವರ್ಷ ಸೀರೆಯಲ್ಲೇ ಕಳೆದವಳು ನಾನು. ಸೀರೆ ಉಟ್ಟು ಹೋದರೆ ಊಟದ ಹಾಲಿನೊಳಗೆ ಬಿಡುವುದಿಲ್ಲವೆ?
ನಿವೃತ್ತ ಶಿಕ್ಷಕಿ, ಮಾಳಮಡ್ಡಿ, ಧಾರವಾಡ

ಉತ್ತರ: ನಿಸ್ಸಂಕೋಚವಾಗಿ ಸೀರೆ ಉಡಿ, ಯಾರೂ ತಡೆಯುವುದಿಲ್ಲ. ಗಾಲಾ ಸಂಜೆಗಳ ಬಗ್ಗೆ ಕ್ಯುನಾರ್ಡ್ ಪ್ರಯಾಣಿಕರಿಗೆ ಕೊಡುವ ಸೂಚನೆಯಲ್ಲಿ ಈವನಿಂಗ್ ಗೌನ್, ಕಾಕ್‌ಟೇಲ್ ಡ್ರೆಸ್‌ಗಳ ಸಾಲಿನಲ್ಲೇ ಆಯಾ ದೇಶದ ಔಪಚಾರಿಕ ಉಡುಗೆಗೂ ಜಾಗವಿದೆ, ಮತ್ತು ನಮ್ಮ ಪಾಲಿಗೆ ಅದು ಸೀರೆಯೇ. ನಿಮ್ಮ ಯಜಮಾನರಿಗೂ ಇದು ಅನ್ವಯಿಸುತ್ತದೆ: ಗಂಡಸರು ಡಿನ್ನರ್ ಜಾಕೆಟ್, ಬೋ ಟೈ ಧರಿಸುವ ಆ ಸಂಜೆಗಳಿಗೆ ಅವರು ಕಪ್ಪು ಬಂದ್‌ಗಲಾ ಕೋಟು ಹಾಕಿಕೊಳ್ಳಲಿ. 1840ರಿಂದ ಹಡಗು ನಡೆಸುತ್ತಿರುವ ಈ ಕಂಪನಿ ಉಡುಗೆಯ ವಿಷಯದಲ್ಲಿ ಉಳಿದವರಿಗಿಂತ ಬಿಗಿ ಎಂಬುದು ನಿಜ. ಸಂಜೆ 6 ಗಂಟೆಯ ನಂತರ ಹಡಗಿನ ಬಹುಭಾಗದಲ್ಲಿ ಆ ದಿನದ ನಿಯಮ ಜಾರಿಗೆ ಬರುತ್ತದೆ. ಆದರೆ ಗಾಲಾ ಅಲ್ಲದ ಸಂಜೆಗಳಿಗೆ ಅಚ್ಚುಕಟ್ಟಾದ ಸಾದಾ ಉಡುಗೆ ನಡೆಯುವುದರಿಂದ, ಏಳು ರಾತ್ರಿಗೆ ಏಳು ರೇಷ್ಮೆ ಸೀರೆ ಹೊತ್ತೊಯ್ಯುವ ಅಗತ್ಯವಿಲ್ಲ. ಗಾಲಾ ಸಂಜೆಗಳನ್ನು ಸಾಮಾನ್ಯವಾಗಿ ಹಡಗು ಇಡೀ ದಿನ ಸಮುದ್ರದ ಮೇಲೆಯೇ ಇರುವ ದಿನಕ್ಕೆ ಇಡುತ್ತಾರೆ, ಯಾಕೆಂದರೆ ಬಂದರಿನಲ್ಲಿ ಇಳಿದು ಊರು ಸುತ್ತಿ ದಣಿದು ಬಂದವರಿಗೆ ಸಿಂಗರಿಸಿಕೊಳ್ಳಲು ಪುರಸೊತ್ತು ಸಿಗುವುದಿಲ್ಲ.

ಹಾಗಾಗಿ ನೀವು ಯೋಚಿಸಬೇಕಾದದ್ದು ಯಾವ ಸೀರೆ ಎಂಬುದನ್ನು. ಔಪಚಾರಿಕ ಎಂದಾಕ್ಷಣ ಬೀರುವಿನಿಂದ ಮದುವೆಯ ಕಾಂಚೀಪುರಂ ತೆಗೆಯುವವರೇ ಹೆಚ್ಚು. ನನ್ನ ಸಲಹೆ ಅದಕ್ಕೆ ವಿರುದ್ಧ. ದಪ್ಪ ಜರಿಯ ಸೀರೆ ಸೂಟ್‌ಕೇಸಿನಲ್ಲಿ ಭಾರವಾಗುತ್ತದೆ, ಮಡಿಕೆಯ ಗೆರೆಯಲ್ಲಿ ಜರಿ ಮುರಿಯುತ್ತದೆ, ಮೂರು ನಾಲ್ಕು ಸುತ್ತಿನ ಊಟದಲ್ಲಿ ಒಂದು ಹನಿ ಸಾಸ್ ಬಿದ್ದರೂ ಮನೆಗೆ ಮರಳುವವರೆಗೆ ಅದೇ ಚಿಂತೆಯಾಗುತ್ತದೆ. ನೀವು ಧಾರವಾಡದವರು; ಕಸೂತಿ ಹಾಕಿದ ಇಳಕಲ್ ರೇಷ್ಮೆ ಸೀರೆ ಇಂಥ ಸಂಜೆಗೆ ಹೇಳಿ ಮಾಡಿಸಿದ್ದು. ಅದರ ಒಡಲು ಒಂದೇ ಗಾಢ ಬಣ್ಣದ್ದು, ದಡಿ ಎದ್ದು ಕಾಣುವಂಥದ್ದು, ಸೆರಗು ಟೋಪ್ ತೆನೆ ಎಂಬ ವಿನ್ಯಾಸದ ಕೆಂಪು-ಬಿಳಿ. ಒಡಲಿನ ಉದ್ದ ಎಳೆಗಳಿಗೆ ಸೆರಗಿನ ಉದ್ದ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವ ಆ ನೇಯ್ಗೆಯನ್ನು ಊಟದ ಮೇಜಿನಲ್ಲಿ ಪಕ್ಕದವರು ಮುಟ್ಟಿ ನೋಡಿ ಕೇಳಿದರೆ ಆಶ್ಚರ್ಯವಿಲ್ಲ. ಶಿಕ್ಷಕಿಯಾಗಿದ್ದ ನಿಮಗೆ ವಿವರಿಸುವುದು ಕಷ್ಟವೂ ಅಲ್ಲ.

ಕಸೂತಿಯಲ್ಲೂ ಗವಂತಿ ಹೊಲಿಗೆಯದನ್ನು ಆರಿಸಿಕೊಳ್ಳಿ ಎನ್ನಲು ಒಂದು ಕಾರಣವಿದೆ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯದು ಹೋದ ದಾರಿಯಲ್ಲೇ ಹಿಂದಿರುಗಿ ಖಾಲಿ ಬಿಟ್ಟ ಎಡೆಗಳನ್ನು ತುಂಬುವ ಎಳೆ. ಗಂಟು ಹಾಕದೆ ಮಾಡುವ ಈ ಕೆಲಸ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಬಗೆಯಾಗಿ ಕಾಣುತ್ತದೆ. ಹಡಗಿನ ಮೇಲಂತಸ್ತಿನಲ್ಲಿ ಗಾಳಿ ಬಲವಾಗಿರುತ್ತದೆ, ಸೆರಗು ಹಾರಿ ತಿರುಗಿ ಬೀಳುತ್ತದೆ. ಯಂತ್ರದ ಎಂಬ್ರಾಯಿಡರಿಯಾದರೆ ಆಗ ಹಿಂಬದಿಯ ನೂಲಿನ ಜಾಲ ಕಾಣುತ್ತದೆ. ಗವಂತಿಯಲ್ಲಿ ಹಾಕಿದ ಗೋಪುರ, ತೇರಿನ ಚಿತ್ತಾರಕ್ಕೆ ಹಿಂಬದಿ ಎಂಬುದೇ ಇಲ್ಲ.

ಇನ್ನೊಂದು ಮಾತು. ಕ್ಯುನಾರ್ಡ್ ಹಡಗುಗಳಲ್ಲಿ ಗಾಲಾ ಸಂಜೆಗೆ ಒಮ್ಮೊಮ್ಮೆ ಕಪ್ಪು-ಬಿಳುಪು ಎಂಬ ಬಣ್ಣದ ವಿಷಯ ಇಡುತ್ತಾರೆ. ಮನೆಯಲ್ಲಿ ಅತ್ತೆಯ ಕಾಲದ ಚಂದ್ರಕಾಳಿ ಸೀರೆ, ಅಂದರೆ ಕಪ್ಪು ಒಡಲಿನ ಮೇಲೆ ಕಸೂತಿ ಹಾಕಿದ್ದು, ಇದ್ದರೆ ಅದಕ್ಕಿಂತ ಸರಿಯಾದ ಉಡುಗೆ ಇಡೀ ಹಡಗಿನಲ್ಲಿ ಸಿಗಲಿಕ್ಕಿಲ್ಲ. ಶುಭ ಕಾರ್ಯಕ್ಕೆ ಕಪ್ಪು ಬೇಡವೆನ್ನುವ ನಮ್ಮವರೇ ಮದುವೆಯಲ್ಲಿ ಮದುಮಗಳಿಗೆ ಚಂದ್ರಕಾಳಿ ಕೊಡುತ್ತಿದ್ದರು ಎಂಬುದನ್ನು ನೆನೆದು ಧೈರ್ಯವಾಗಿ ಉಡಿ. ಊಟದ ಹಾಲ್, ನಾಟಕದ ಹಾಲ್ ಎರಡರಲ್ಲೂ ಎಸಿ ಚಳಿ ಹಿಡಿಸುತ್ತದೆ, ಆದ್ದರಿಂದ ಮೊಣಕೈವರೆಗಿನ ತೋಳಿನ ಕುಬುಸ ಹೊಲಿಸಿ, ಮೇಲೆ ಒಂದು ರೇಷ್ಮೆ ಶಾಲು ಇರಲಿ. ಸ್ಯಾಟಿನ್ ಪೆಟಿಕೋಟ್ ಬೇಡ; ಹಡಗು ಸ್ವಲ್ಪ ಹೊಯ್ದಾಡಿದರೂ ನಿರಿಗೆ ಜಾರುತ್ತದೆ. ಲಾಡಿ ಬಿಗಿದ ಹತ್ತಿಯ ಪೆಟಿಕೋಟೇ ಭದ್ರ.

ಪ್ರಶ್ನೆ: ಹಡಗಿನ ಕೋಣೆಗೆ ಇಸ್ತ್ರಿ ಪೆಟ್ಟಿಗೆ ಒಯ್ಯಬಾರದೆಂದು ಟ್ರಾವೆಲ್ ಏಜೆಂಟರು ಹೇಳಿದ್ದಾರೆ. ವಿಮಾನದಲ್ಲಿ ಹೋಗಿ ಹಡಗು ಹತ್ತುವಷ್ಟರಲ್ಲಿ ಸೀರೆಗಳೆಲ್ಲ ಮುದುಡಿ ಹೋಗುವುದಿಲ್ಲವೆ? ಇದಕ್ಕೇನು ಉಪಾಯ?
ಓದುಗರು, ಬೆಟಗೇರಿ, ಗದಗ

ಉತ್ತರ: ಏಜೆಂಟರು ಹೇಳಿದ್ದು ಸರಿ. ನಡುಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಭಯ ಬೇರೆ ಇಲ್ಲವಾದ್ದರಿಂದ, ಇಸ್ತ್ರಿ ಪೆಟ್ಟಿಗೆಯನ್ನೂ ಕೈಯಲ್ಲಿ ಹಿಡಿಯುವ ಸ್ಟೀಮರನ್ನೂ ಕೋಣೆಯಲ್ಲಿ ಬಳಸಲು ಬಿಡುವುದಿಲ್ಲ. ಹತ್ತುವಾಗ ಸಾಮಾನು ತಪಾಸಣೆಯಲ್ಲಿ ಕಂಡರೆ ತೆಗೆದಿಟ್ಟುಕೊಂಡು ಪ್ರವಾಸ ಮುಗಿದ ಮೇಲೆ ಕೊಡುತ್ತಾರೆ. ಕ್ಯುನಾರ್ಡ್, ಪ್ರಿನ್ಸೆಸ್ ಕಂಪನಿಗಳ ಹಡಗುಗಳಲ್ಲಿ ಪ್ರಯಾಣಿಕರೇ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆಗಳಿರುತ್ತವೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಇಲ್ಲ, ಅಲ್ಲಿ ದುಡ್ಡು ಕೊಟ್ಟು ಲಾಂಡ್ರಿಗೆ ಹಾಕಬೇಕು. ಕೋಣೆ ಇದ್ದ ಕಡೆಯಲ್ಲೂ ಗಾಲಾ ಸಂಜೆಯ ಮಧ್ಯಾಹ್ನ ಇಸ್ತ್ರಿಯ ಮುಂದೆ ಸರದಿ ನಿಂತಿರುತ್ತದೆ, ಆದ್ದರಿಂದ ಬೆಳಗಿನ ತಿಂಡಿಯ ಹೊತ್ತಿಗೇ ಆ ಕೆಲಸ ಮುಗಿಸುವುದು ಜಾಣತನ.

ಇಸ್ತ್ರಿಯ ಹಂಗೇ ಬೇಡವೆಂದರೆ ಬಟ್ಟೆಯ ಆಯ್ಕೆಯಲ್ಲೇ ಪರಿಹಾರವಿದೆ. ನೇಕಾರರ ಊರಾದ ಬೆಟಗೇರಿಯವರಿಗೆ ನೂಲಿನ ಗುಣ ನಾನು ಹೇಳಬೇಕಾಗಿಲ್ಲ: ಗಂಜಿ ಹಾಕಿದ ಹತ್ತಿ ಸೀರೆ ಸೂಟ್‌ಕೇಸಿನಲ್ಲಿ ಒಂದು ದಿನ ಇದ್ದರೆ ಉಡಲು ಬಾರದಂತಾಗುತ್ತದೆ, ಜಾರ್ಜೆಟ್‌ಗೆ ಮಡಿಕೆಯ ಗೆರೆಯೇ ಅಷ್ಟಾಗಿ ನಿಲ್ಲುವುದಿಲ್ಲ. ಎಳೆಗೆ ಹುರಿ ಹಾಕಿ ನೇಯುವ ಮೈಸೂರು ಕ್ರೇಪ್ ರೇಷ್ಮೆ ಇವೆರಡರ ನಡುವಿನದು. ಹಗುರ, ಮೈಗೆ ಕೂರುತ್ತದೆ, ತೂಗು ಹಾಕಿದರೆ ಒಂದೆರಡು ಗಂಟೆಯಲ್ಲಿ ಬಹಳಷ್ಟು ಸುಕ್ಕು ಬಿಡುತ್ತದೆ. ಒಂದೇ ಸೀರೆ ಒಯ್ಯುವುದಾದರೆ ನಾನು ಅದನ್ನೇ ಒಯ್ಯುತ್ತೇನೆ.

ಈಗ ಬ್ಯೂಟಿ ಪಾರ್ಲರುಗಳಲ್ಲಿ ಮಾಡಿಕೊಡುವ ಪ್ರೀ-ಪ್ಲೀಟಿಂಗ್ ಈ ಪ್ರವಾಸಕ್ಕೆ ನಿಜವಾಗಿ ಉಪಯೋಗದ್ದು. ನಿಮ್ಮ ಎತ್ತರ, ಸೊಂಟದ ಅಳತೆ ನೋಡಿ ಸೆರಗಿನ ಪಟ್ಟಿ ಮತ್ತು ನಡುವಿನ ನಿರಿಗೆಗಳನ್ನು ಇಸ್ತ್ರಿಯಲ್ಲಿ ಒತ್ತಿ, ಪಿನ್ನು ಚುಚ್ಚಿ, ಚೌಕವಾಗಿ ಮಡಿಸಿ ಕವರಿನಲ್ಲಿ ಹಾಕಿ ಕೊಡುತ್ತಾರೆ. ಹಡಗಿನ ಕೋಣೆಯಲ್ಲಿ ಮಂಚದ ಪಕ್ಕಕ್ಕೆ ಒಬ್ಬರು ನಿಂತರೆ ಇನ್ನೊಬ್ಬರಿಗೆ ದಾರಿಯಿಲ್ಲ. ಐದೂವರೆ ಮೀಟರ್ ಸೀರೆ ಹರಡಿ ನಿರಿಗೆ ಹಿಡಿಯಲು ಅಲ್ಲಿ ಜಾಗ ಸಿಗುವುದಿಲ್ಲ. ಮೊದಲೇ ಒತ್ತಿಸಿದ್ದಾದರೆ ಸುತ್ತಿ ಸಿಕ್ಕಿಸಿದರೆ ಮುಗಿಯಿತು. ಸೂಟ್‌ಕೇಸಿನಲ್ಲಿ ಆ ಕವರು ಎಲ್ಲಕ್ಕಿಂತ ಮೇಲಿರಲಿ. ಕೋಣೆಯ ಗೋಡೆಗಳು ಹೆಚ್ಚಾಗಿ ಉಕ್ಕಿನವು, ಆದ್ದರಿಂದ ಅಯಸ್ಕಾಂತದ ಕೊಕ್ಕೆ ನಾಲ್ಕಾರು ಒಯ್ದರೆ ಸೀರೆ, ಶಾಲುಗಳನ್ನು ಗೋಡೆಗೇ ತೂಗು ಹಾಕಬಹುದು. ಸ್ನಾನದ ಬಿಸಿನೀರಿನ ಹಬೆಯಲ್ಲಿ ಸುಕ್ಕು ಬಿಡಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಪಾಲಿಯೆಸ್ಟರಿಗೆ ಅದು ಸರಿ, ರೇಷ್ಮೆಗೆ ನೀರು ಸಿಡಿದರೆ ಕಲೆ ನಿಲ್ಲುತ್ತದೆ.

ಪ್ರಶ್ನೆ: ಮದುವೆಯಾಗಿ ಮೂರು ತಿಂಗಳಾಯಿತು. ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಕಾರ್ಡೇಲಿಯಾ ಹಡಗಿನಲ್ಲಿ ಹೋಗುತ್ತಿದ್ದೇವೆ. ರಾತ್ರಿಯ ಪಾರ್ಟಿಗೆ ಹೊಸ ಲೆಹೆಂಗಾ ತೆಗೆದುಕೊಳ್ಳಬೇಕೆಂದು ಜವಳಿ ಸಾಲಿನಲ್ಲಿ ವಿಚಾರಿಸಿದರೆ ಬೆಲೆ ಕೇಳಿ ಗಾಬರಿಯಾಯಿತು. ಅಷ್ಟು ಖರ್ಚು ಬೇಕೆ?
ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಬೇಡ. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಸಂಚಾರ ಆರಂಭಿಸಿದ ಈ ಕಂಪನಿಯ ಎಂಪ್ರೆಸ್ ಹಡಗು ಬಹುಪಾಲು ನಮ್ಮ ದೇಶದ ಕುಟುಂಬಗಳಿಗಾಗಿಯೇ ನಡೆಯುವಂಥದ್ದು. ಗೌನು, ಜಾಕೆಟ್ಟಿನ ಕಡ್ಡಾಯ ಇಲ್ಲಿಲ್ಲ. ಈಜುಕೊಳದ ಉಡುಪಿನಲ್ಲಿ ಊಟದ ಹಾಲಿಗೆ ಬರಬಾರದೆಂಬಷ್ಟು ಶಿಸ್ತು ಪಾಲಿಸಿದರೆ ಸಾಕು. ನಿಮ್ಮ ಆರತಕ್ಷತೆಗೆ ಉಟ್ಟ ಹಗುರವಾದ ಸೀರೆ ಅಥವಾ ಒಂದು ಅನಾರ್ಕಲಿ ಆ ಸಂಜೆಗೆ ಬೇಕಾದಷ್ಟಾಯಿತು. ಕ್ಯಾನ್‌ಕ್ಯಾನ್ (ಗಡುಸು ಬಲೆಬಟ್ಟೆ) ಹಾಕಿದ ಘೇರಿನ ಲೆಹೆಂಗಾ ಎರಡು ರಾತ್ರಿಯ ಪ್ರವಾಸದಲ್ಲಿ ಅರ್ಧ ಸೂಟ್‌ಕೇಸ್ ನುಂಗುತ್ತದೆ, ಹಡಗಿನ ಕಡಿದಾದ ಮೆಟ್ಟಿಲಿನಲ್ಲಿ ಎರಡೂ ಕೈಯಿಂದ ಎತ್ತಿ ಹಿಡಿಯಬೇಕಾಗುತ್ತದೆ, ಆಗ ಕಂಬಿ ಹಿಡಿಯಲು ಕೈ ಉಳಿಯುವುದಿಲ್ಲ.

ಪ್ರಶ್ನೆ: ಇದೇ ವರ್ಷ ಮನೆಮಂದಿಯೆಲ್ಲ ಯುರೋಪಿನ ಕ್ರೂಸ್‌ಗೆ ಹೊರಟಿದ್ದೇವೆ. ನಮ್ಮ ಅತ್ತೆಯವರು ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ, ತಲೆಯ ಮೇಲಿನ ಸೆರಗು ಇಳಿಸುವವರಲ್ಲ. 16 ವರ್ಷದ ಮಗಳು ಗೌನೇ ಬೇಕೆಂದು ಹಟ ಹಿಡಿದಿದ್ದಾಳೆ. ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತರೆ ಚೆನ್ನಾಗಿ ಕಾಣುತ್ತದೆಯೆ? ಚಿನ್ನದ ಒಡವೆ ಒಯ್ಯಬಹುದೆ?
ಗೃಹಿಣಿ, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಅತ್ತೆಯವರ ವಿಷಯ. ಅವರು ಈಗ ಹೇಗಿದ್ದಾರೋ ಹಾಗೆಯೇ ಬರಲಿ. ತಲೆಯ ಮೇಲಿನ ಸೆರಗಿಗೂ ಯಾರ ಆಕ್ಷೇಪವೂ ಇರುವುದಿಲ್ಲ. ಗಮನಿಸಬೇಕಾದದ್ದು ಕಾಲಿನ ಕಡೆಗೆ. ಬರಿಗಾಲಿನಲ್ಲಿ, ರಬ್ಬರ್ ಚಪ್ಪಲಿಯಲ್ಲಿ ಊಟದ ಹಾಲಿಗೆ ಬರಲು ಬಿಡುವುದಿಲ್ಲ, ಆದ್ದರಿಂದ ಹಿಮ್ಮಡಿಗೆ ಪಟ್ಟಿಯಿರುವ, ತಳ ಜಾರದ ಚರ್ಮದ ಚಪ್ಪಲಿ ಈಗಲೇ ಕೊಡಿಸಿ ಮನೆಯಲ್ಲಿ ರೂಢಿ ಮಾಡಿಸಿ. ಕೋಣೆಯ ಬಾಗಿಲಿಗೂ ಅಂಗಡಿಯ ಲೆಕ್ಕಕ್ಕೂ ಹಡಗಿನಲ್ಲಿ ಒಂದೇ ಕಾರ್ಡ್ ಬಳಸುತ್ತಾರೆ, ಅದು ಸದಾ ಜೊತೆಗಿರಬೇಕು. ಎಲೆ-ಅಡಿಕೆಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಭ್ಯಾಸ ಅವರಿಗಿದ್ದರೆ ಅದರಲ್ಲೇ ಇಡಲಿ. ಕೋಣೆ ಕಾಯ್ದಿರಿಸುವಾಗ ಕೆಳ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಕೇಳಿ. ಹೊಯ್ದಾಟ ಅಲ್ಲಿ ಕಡಿಮೆ.

ಮಗಳ ಹಟ ತಪ್ಪಲ್ಲ, ಗೌನೂ ಒಂದು ಉಡುಗೆಯೇ. ಸಿದ್ಧ ಗೌನ್ ದುಬಾರಿಯೆನಿಸಿದರೆ ಊರಿನ ಟೇಲರಿಗೆ ಕೊಟ್ಟು ಹೊಲಿಸಬಹುದು, ಖಣದ ಬಟ್ಟೆಯಲ್ಲಿ ಹೊಲಿಸಿದರೆ ಅಜ್ಜಿಯ ಸೀರೆಗೂ ಹೊಂದುತ್ತದೆ. ಅಳತೆ ಕೊಡುವಾಗ ಅವಳು ಹಾಕಿಕೊಳ್ಳಲಿರುವ ಚಪ್ಪಲಿಯನ್ನೇ ಮೆಟ್ಟಿ ನಿಲ್ಲಲಿ, ಅಂಚು ನೆಲದಿಂದ ಎರಡು ಬೆರಳು ಮೇಲಿರಲಿ. ಒಂದೇ ಮೇಜಿನಲ್ಲಿ ಒಂದೇ ಬಗೆಯ ಉಡುಗೆ ಇರಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಒಡವೆಯ ಬಗ್ಗೆ ನಾನು ಜಿಪುಣಿ: ಮೈಮೇಲೆ ನಿತ್ಯ ಇರುವಷ್ಟು ಸಾಕು. ಕೋಣೆಗಳಲ್ಲಿ ಚಿಕ್ಕ ಲಾಕರ್ ಸಾಮಾನ್ಯವಾಗಿ ಇರುತ್ತದಾದರೂ ಬಂದರಿನಿಂದ ಬಂದರಿಗೆ ಚಿನ್ನ ಹೊತ್ತು ತಿರುಗುವುದರಲ್ಲಿ ಸುಖವಿಲ್ಲ. ಒಯ್ಯಲೇಬೇಕೆಂದರೆ ದೇಶ ಬಿಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಿರಿ. ಮರಳುವಾಗ ಇದು ಹೊರಗೆ ಕೊಂಡದ್ದಲ್ಲ ಎಂದು ತೋರಿಸಲು ಅದು ಬೇಕಾಗುತ್ತದೆ.

ಪ್ರಶ್ನೆ: ನನಗೆ ಸೀರೆಯ ರೂಢಿಯಿಲ್ಲ, ಗೌನ್ ಇಷ್ಟವಿಲ್ಲ. ಸಲ್ವಾರ್ ಕಮೀಜ್ ನಡೆಯುತ್ತದೆಯೆ? ಔಪಚಾರಿಕ ಸಂಜೆಯನ್ನೇ ತಪ್ಪಿಸಿಕೊಳ್ಳಬಹುದೆ?
ವೈದ್ಯೆ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎರಡೂ ಸಾಧ್ಯ. ರೇಷ್ಮೆಯ ಉದ್ದ ಕುರ್ತಾ, ಅದಕ್ಕೊಪ್ಪುವ ಪ್ಯಾಂಟು, ಒಳ್ಳೆಯ ದುಪಟ್ಟಾ ಇದ್ದರೆ ಧಾರಾಳವಾಗಿ ನಡೆಯುತ್ತದೆ. ಆಸ್ಪತ್ರೆಗೆ ಹೋಗುವ ಹತ್ತಿ ಚೂಡಿದಾರ್ ಬೇಡ. ಸಂಜೆ ತಪ್ಪಿಸಿಕೊಳ್ಳುವವರು ಬಫೆಯಲ್ಲಿ ಸಾದಾ ಉಡುಗೆಯಲ್ಲೇ ಉಣ್ಣಬಹುದು. ಇನ್ನೂ ಟಿಕೆಟ್ ಮಾಡಿಸಿಲ್ಲವಾದರೆ ಕಂಪನಿ ಆರಿಸುವಾಗಲೇ ಇದನ್ನು ನೋಡಿ: ನಾರ್ವೀಜಿಯನ್ ಕ್ರೂಸ್ ಲೈನ್ ಔಪಚಾರಿಕ ಉಡುಗೆಯನ್ನು ಕಡ್ಡಾಯ ಮಾಡುವುದಿಲ್ಲ, ಸೆಲೆಬ್ರಿಟಿ ಎಂಬ ಕ್ರೂಸ್ ಕಂಪನಿ ಹಳೆಯ ಬಿಗಿ ನಿಯಮವನ್ನು ಸಡಿಲಿಸಿ ‘ಈವನಿಂಗ್ ಶಿಕ್’, ಅಂದರೆ ಸಂಜೆಯ ಸೊಗಸಾದ ಉಡುಗೆ, ಎಂದು ಮಾಡಿಕೊಂಡಿದೆ. ಯಾವ ದಿನ ಯಾವ ಉಡುಗೆ ಎಂಬುದನ್ನು ಹಡಗಿನ ದಿನಚರಿಯ ಹಾಳೆಯಲ್ಲಿ ಅಥವಾ ಆಪ್‌ನಲ್ಲಿ ತಿಳಿಸುತ್ತಾರೆ.