ಅಲಗಿಗೊಂದು ಆರೈಕೆ, ಹಿಡಿಗೊಂದು ಆರೈಕೆ

ಚಾಕು, ಕತ್ತಿ, ಈಳಿಗೆಮಣೆಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಮಲ್ಲೇಶ್ವರದಲ್ಲಿ ಚಾಕು ಮಸೆಯುವ, ಹಿಡಿ ಕೂರಿಸುವ ಕೆಲಸ ಮಾಡುವವರ ಉತ್ತರ.

ಪ್ರಶ್ನೆ: ನನ್ನ ಅರವತ್ತನೇ ಹುಟ್ಟುಹಬ್ಬಕ್ಕೆ ಮಗ ಕೈಯಿಂದಲೇ ಮಾಡಿದ ಚಾಕು ಮಾಡಿಸಿಕೊಟ್ಟ. ಡಮಾಸ್ಕಸ್ ಉಕ್ಕು, ಒಂಟೆ ಮೂಳೆಯ ಹಿಡಿ, ಹಿಡಿಯಲ್ಲಿ ಮುತ್ತಿನ ಚಿಪ್ಪಿನ ಪುಟ್ಟ ಹೂವು. ಸ್ವಲ್ಪ ದಿನ ಅಡುಗೆಗೆ ಬಳಸಿದೆ. ಅಲಗಿನ ಮೇಲೆ ನೀಲಿ, ಕಂದು ಕಲೆ ಬಂತು. ಹಿಡಿ ಹಳದಿಯಾಯಿತು, ಹೂವಿನ ಹೊಳಪು ಮಂಕಾಯಿತು. ಬೇಜಾರಾಗಿ ಚರ್ಮದ ಒರೆಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಇನ್ನು ಹಾಗೇ ಇಟ್ಟುಬಿಡಲಾ?
– ನಿವೃತ್ತ ಶಿಕ್ಷಕಿ, ರಾಜಾಜಿನಗರ

ಉತ್ತರ: ಮೇಡಂ, ಮೊದಲು ಅದನ್ನು ಒರೆಯಿಂದ ಹೊರಗೆ ತೆಗೆಯಿರಿ. ಮುಂದಿನದನ್ನು ಆಮೇಲೆ ಓದಬಹುದು. ಚರ್ಮ ಗಾಳಿಯ ತೇವ ಹೀರಿಕೊಂಡು ಅಲಗಿಗೆ ಅಂಟಿಸಿಕೊಂಡೇ ಕೂರುತ್ತದೆ. ಹದ ಮಾಡುವಾಗ ಬಳಸಿದ ಉಪ್ಪು, ಹುಳಿಯ ಅಂಶವೂ ಅದರಲ್ಲಿ ಉಳಿದಿರುತ್ತದೆ. ಜುಲೈ, ಆಗಸ್ಟ್‌ನ ಬೆಂಗಳೂರಿನಲ್ಲಿ ಒರೆಯೊಳಗಿನ ಚಾಕು ಅಡುಗೆಮನೆಯ ಚಾಕುವಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಒರೆ ಇರುವುದು ಎಲ್ಲಿಗಾದರೂ ಒಯ್ಯುವಾಗ ಹಾಕಿಕೊಳ್ಳಲಿಕ್ಕೆ ಮಾತ್ರ.

ಇನ್ನು ಕಲೆಗಳ ವಿಷಯ. ಡಮಾಸ್ಕಸ್ ಅಂದರೆ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಕಾಯಿಸಿ, ಬಡಿದು ಬೆಸೆದದ್ದು. ಆಮೇಲೆ ಅದನ್ನು ಫೆರಿಕ್ ಕ್ಲೋರೈಡ್ ಎಂಬ, ಲೋಹವನ್ನು ತಿನ್ನುವ ದ್ರಾವಣದಲ್ಲಿ ಅದ್ದುತ್ತಾರೆ. ನಿಕಲ್ ಇರುವ ಪದರ ಬೆಳ್ಳಗೆ ಉಳಿಯುತ್ತದೆ, ಇನ್ನೊಂದು ಕಪ್ಪಾಗುತ್ತದೆ. ಅಲೆ ಅಲೆಯ ಚಿತ್ತಾರ ಬರುವುದು ಹಾಗೆ. ಇಂಥ ಉಕ್ಕು ಸ್ಟೀಲ್ ಚಾಕುವಿನ ಹಾಗೆ ಸುಮ್ನೆ ಇರುವುದಿಲ್ಲ. ಈರುಳ್ಳಿ, ಮಾವಿನಕಾಯಿ, ಟೊಮೆಟೊ ಏನೇ ಹೆಚ್ಚಿದರೂ ಬಣ್ಣ ತಿರುಗುತ್ತದೆ. ನೀಲಿ, ಬೂದು ಬಣ್ಣ ಬಂದರೆ ಗಾಬರಿ ಬೇಡ. ಅದು ತೆಳುವಾದ ಒಂದು ಪೊರೆ, ಕೆಂಪು ತುಕ್ಕನ್ನು ಅದು ಸ್ವಲ್ಪ ತಡೆಯುತ್ತದೆ ಕೂಡ. ಕಂದು ಕಲೆಯನ್ನು ಮಾತ್ರ ನೋಡಬೇಕು.

ಹಳೇ ಬಿಳಿ ಪಂಚೆಯ ತುಂಡಿಗೆ ಎರಡು ಹನಿ ಎಣ್ಣೆ ಹಾಕಿ. ಬೆನ್ನಿನ ಕಡೆಯಿಂದ ಅಲಗನ್ನು ಹಿಡಿದು, ಕಲೆಯ ಮೇಲೆ ಬೆರಳಿನಿಂದ ಒತ್ತಿ ಉಜ್ಜಿ. ಬಟ್ಟೆ ಬೆಳ್ಳಗೇ ಇದ್ದರೆ ಅದು ಬರೀ ಬಣ್ಣ. ಇಟ್ಟಿಗೆ ಪುಡಿಯ ಹಾಗೆ ಕೆಂಪು ಹತ್ತಿದರೆ ತುಕ್ಕು. ತುಕ್ಕಿಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಬಟ್ಟೆಯಲ್ಲಿ ಅಲಗಿನ ಉದ್ದಕ್ಕೆ ಮೆಲ್ಲಗೆ ಉಜ್ಜಿ, ತೊಳೆದು, ಒರೆಸಿ, ಎಣ್ಣೆ ಸವರಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು, ಪಾತ್ರೆ ಪುಡಿ ಎರಡೂ ಬೇಡ. ಚಿತ್ತಾರ ಇರುವುದು ಮೇಲ್ಮೈಯಲ್ಲೇ, ತಿಕ್ಕಿದರೆ ಮಸುಕಾಗುತ್ತದೆ. ಹಾಗೆ ಆದರೂ ಮಾಡಿಕೊಟ್ಟವರು ಮತ್ತೆ ಅದ್ದಿ ತೆಗೆದು ಕೊಡಬಲ್ಲರು. ಅಲಗು ಎಷ್ಟೇ ಕೆಟ್ಟರೂ ಸರಿಮಾಡುವ ದಾರಿ ಇರುತ್ತದೆ.

ನನಗೆ ಚಿಂತೆ ನಿಮ್ಮ ಹಿಡಿಯದ್ದು. ಜನ ಅಲಗಿಗೆ ನೂರು ಉಪಚಾರ ಮಾಡುತ್ತಾರೆ, ಹಿಡಿಯನ್ನು ಮರೆತೇಬಿಡುತ್ತಾರೆ. ನನ್ನ ಹತ್ತಿರ ಬರುವ ಒಳ್ಳೊಳ್ಳೆ ಚಾಕುಗಳಲ್ಲಿ ಮೊದಲು ಸೋತಿರುವುದು ಹಿಡಿಯೇ. ಮೂಳೆಯ ತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು. ಅರಿಶಿನದ ಕೈಯಲ್ಲಿ ಹಿಡಿದರೆ ಬಣ್ಣ ಒಳಗೇ ಇಳಿಯುತ್ತದೆ. ನಿಮ್ಮದು ಅರಿಶಿನವೇ ಇರಬೇಕು ಅನಿಸುತ್ತದೆ. ಅಲಗಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ಹಿಡಿಗೆ ಬೆಳಕು ಬೀಳುವ ಹಾಗೆ ಕಿಟಕಿ ಹತ್ತಿರ ನಾಲ್ಕಾರು ದಿನ ಇಡಿ. ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ. ನೇರ ಬಿಸಿಲು ಬೇಡ, ಮೂಳೆ ಬಿರುಕು ಬಿಟ್ಟೀತು.

ಚಿಪ್ಪಿನ ಹೂವಿಗೆ ಶತ್ರು ಹುಳಿ. ಮೊಟ್ಟೆಯ ಚಿಪ್ಪಿನ ಚೂರೊಂದನ್ನು ನಿಂಬೆರಸದಲ್ಲಿ ಹಾಕಿ ನೋಡಿ. ನೊರೆ ನೊರೆಯಾಗಿ ಗುಳ್ಳೆ ಏಳುತ್ತದೆ, ಮೇಲ್ಮೈ ತರಿತರಿಯಾಗುತ್ತದೆ. ಮುತ್ತಿನ ಚಿಪ್ಪೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆಹಣ್ಣು ಕೊಯ್ದ ಕೈ, ಹುಣಸೆ ಹಿಂಡಿದ ಕೈ ಪ್ರತಿ ಸಲ ಅದನ್ನು ಒಂದಿಷ್ಟು ತಿಂದಿದೆ. ಹೋದ ಹೊಳಪನ್ನು ಮನೆಯಲ್ಲಿ ತರಲು ಆಗದು. ಮಾಡಿದವರು ಪಾಲಿಶ್ ಮಾಡಿಕೊಡಲಿ.

ಈಗ ಮುಖ್ಯ ಮಾತು. ಅಲಗಿಗೆ ಬೇಕಾದದ್ದು ಹಿಡಿಗೆ ಆಗಿಬರುವುದಿಲ್ಲ. ಅಲಗಿಗೆ ಎಣ್ಣೆ ಬೇಕು. ಮೂಳೆಗೆ ಎಣ್ಣೆ ತಾಕಿದರೆ ಒಳಗೆ ಹೀರಿಕೊಂಡು ಹಳದಿಯಾಗುತ್ತದೆ. ಅದಕ್ಕೆ ಜೇನುಮೇಣ ಸಾಕು, ಅದೂ ಬಟ್ಟೆಯಲ್ಲಿ ತೆಳ್ಳಗೆ. ಅಲಗಿಗೆ ಒಣ ಗಾಳಿ ಇಷ್ಟ. ಮೂಳೆ ತೀರಾ ಒಣಗಿದರೆ ಸೀಳುತ್ತದೆ. ಅದಕ್ಕೇ ಇಡೀ ಚಾಕುವನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಅಲಗಿಗೆ ಎಣ್ಣೆ ಬಟ್ಟೆ ಸುತ್ತಿ, ಹಿಡಿಯನ್ನು ಹಾಗೇ ಬಿಟ್ಟು, ಮರದ ಡ್ರಾಯರ್‌ನಲ್ಲಿ ಇಡಿ. ತೊಳೆಯುವಾಗಲೂ ಅಷ್ಟೇ. ಅಲಗನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಬಟ್ಟೆ. ಸಿಂಕಿನಲ್ಲಿ ನೆನೆಹಾಕಬೇಡಿ, ಬಿಸಿನೀರು ಸುರಿಯಬೇಡಿ. ಹಿಡಿ ಕೂರಿಸಿದ ಅಂಟು ಕಾವಿಗೆ ಮೆತ್ತಗಾಗುತ್ತದೆ.

ಆಯುಧಪೂಜೆಗೂ ಒಂದು ಮಾತು. ಒದ್ದೆ ಅರಿಶಿನ ಕುಂಕುಮವನ್ನು ಅಲಗಿಗೆ ಹಚ್ಚಿ, ನಿಂಬೆಹಣ್ಣು ಕೊಯ್ದು ವಿಜಯದಶಮಿಯವರೆಗೆ ಹಾಗೇ ಬಿಟ್ಟರೆ ಬೊಟ್ಟಿನ ಆಕಾರದಲ್ಲೇ ತುಕ್ಕು ಕೂರುತ್ತದೆ. ಚಾಕುವನ್ನು ಮಣೆಯ ಮೇಲಿಟ್ಟು ಬೊಟ್ಟನ್ನು ಮಣೆಗೆ ಇಡಿ, ಹೂವನ್ನು ಪಕ್ಕದಲ್ಲಿಡಿ. ಪೂಜೆ ಪೂಜೆಯೇ, ಅಲ್ವಾ.

ಮೇಡಂ, ಬೀರುವಿಗೆ ಹಾಕಬೇಡಿ. ಹಣ್ಣು ಕೊಯ್ಯಲು, ಸೊಪ್ಪು ಹೆಚ್ಚಲು, ಅರಿಶಿನ ತಾಕದ ಕೆಲಸಕ್ಕೆ ದಿನಾ ಬಳಸಿ. ದಿನಾ ಕೈಗೆ ಬರುವ ಚಾಕುವಿನಲ್ಲಿ ತುಕ್ಕು ಚುಕ್ಕೆಯಿರುವಾಗಲೇ ಕಾಣುತ್ತದೆ. ಹುಳಿ, ಸಾಂಬಾರಿನ ತರಕಾರಿಗೆ ಸಾದಾ ಸ್ಟೀಲ್ ಚಾಕು ಇರಲಿ.

ಪ್ರಶ್ನೆ: ನಮ್ಮ ಅಜ್ಜನ ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಕತ್ತಿ) ನನ್ನ ಪಾಲಿಗೆ ಬಂದಿದೆ. ದಂತದ ಹಿಡಿ, ಬೆಳ್ಳಿ ಕೆಲಸ. ಹಿಡಿಯಲ್ಲಿ ಕೂದಲೆಳೆಯ ಬಿರುಕುಗಳಿವೆ. ಎಣ್ಣೆ ಹಚ್ಚಲಾ? ಒಬ್ಬರು ಕೊಳ್ಳಲೂ ಕೇಳುತ್ತಿದ್ದಾರೆ.
– ಕೊಡಗಿನವರು, ಈಗ ಕೋರಮಂಗಲ

ಉತ್ತರ: ಎಣ್ಣೆ ಬೇಡ, ಅಂಟು ತುಂಬಿಸುವುದೂ ಬೇಡ. ದಂತ ಹವೆಯ ಏರಿಳಿತಕ್ಕೆ ಹಿಗ್ಗಿ ಕುಗ್ಗಿ ಸೀಳುತ್ತದೆ. ಎ.ಸಿ.ಯ ಗಾಳಿಗೆ, ದೇವರ ಮನೆಯ ದೀಪದ ಕಾವಿಗೆ ಸಿಗದ ಹಾಗೆ ಇಡಿ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಬೆಳ್ಳಿಗೆ ಪಾಲಿಶ್ ದ್ರಾವಣ ಹಾಕಿದರೆ ಅದು ದಂತದ ಬಿರುಕಿಗೆ ಇಳಿದು ಕಲೆ ಮಾಡುತ್ತದೆ, ಹಾಗಾಗಿ ಬೆಳ್ಳಿ ಸ್ವಲ್ಪ ಕಪ್ಪಾಗಿದ್ದರೂ ಬಿಡಿ.

ಮಾರುವ ಮಾತೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದಂತದ ವಸ್ತು ಮಾರುವುದು, ಕೊಳ್ಳುವುದು ಎರಡೂ ಅಪರಾಧ. ಹಿರಿಯರಿಂದ ಬಂದದ್ದಕ್ಕೂ ಮಾಲೀಕತ್ವದ ಪ್ರಮಾಣಪತ್ರ ಇರಬೇಕು. ಅಜ್ಜನ ಕಾಗದಗಳಲ್ಲಿ ಅದಿದೆಯಾ ಎಂದು ಹುಡುಕಿ. ಸಿಕ್ಕರೂ ಸಿಗದಿದ್ದರೂ ಮಲ್ಲೇಶ್ವರ 18ನೇ ಕ್ರಾಸ್‌ನ ಅರಣ್ಯ ಭವನಕ್ಕೆ ಹೋಗಿ, ವನ್ಯಜೀವಿ ವಿಭಾಗದಲ್ಲಿ ವಿಚಾರಿಸಿ. ಅಲ್ಲಿಯವರೆಗೆ ರಿಪೇರಿಗೆಂದು ಯಾರ ಕೈಗೂ ಕೊಡಬೇಡಿ. ನಾನೂ ಕಾಗದ ನೋಡದೆ ದಂತ ಮುಟ್ಟುವುದಿಲ್ಲ.

ಪ್ರಶ್ನೆ: ಅಲಗಿಗೆ ಯಾವ ಎಣ್ಣೆ? ಬೀದಿಯಲ್ಲಿ ಸೈಕಲ್ ಮೇಲೆ ಬರುವ ಸಾಣೆಯವರಿಗೆ ಡಮಾಸ್ಕಸ್ ಉಕ್ಕಿನ ಚಾಕು ಕೊಡಬಹುದಾ?
– ಹೋಟೆಲ್ ಅಡುಗೆಯವರು, ಬಸವನಗುಡಿ

ಉತ್ತರ: ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್. ವಾಸನೆ ಇಲ್ಲ, ಕೆಡುವುದಿಲ್ಲ, ಊಟಕ್ಕೆ ತಾಕಿದರೂ ಭಯವಿಲ್ಲ. ಸೂರ್ಯಕಾಂತಿ ಎಣ್ಣೆ ಕೆಲವು ವಾರದಲ್ಲಿ ಅಂಟಂಟಾಗುತ್ತದೆ.

ಸೈಕಲ್ ಸಾಣೆಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಮನೆಯ ಮಚ್ಚು, ಕತ್ತರಿಗೆ ಅವರೇ ಸರಿ. ಆದರೆ ಒಣ ಚಕ್ರಕ್ಕೆ ಕೊಟ್ಟಾಗ ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾಯುತ್ತದೆ. ಇಂಥ ಉಕ್ಕಿನ ಹದವನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕೂರಿಸಿರುತ್ತಾರೆ. ಚಕ್ರದ ಕಾವಿಗೆ ಬಾಯಿ ನೀಲಿಗೆ ತಿರುಗಿತು ಅಂದರೆ 300ರ ಹತ್ತಿರ ಹೋಗಿದೆ, ಅಲ್ಲಿಗೆ ಆ ಜಾಗದ ಹದ ಹೋಯಿತು. 1000 ನಂಬರಿನ (ಕಲ್ಲಿನ ನುಣುಪಿನ ಅಳತೆ) ನೀರುಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು ತಂದುಕೊಳ್ಳಿ. ಒಂದೊಂದು ಬದಿಗೆ ಸುಮಾರು 15 ಡಿಗ್ರಿ ಓರೆ ಹಿಡಿದು, ಹಿಡಿಗೆ ಬಟ್ಟೆ ಸುತ್ತಿ, ನಿಧಾನಕ್ಕೆ ಮಸೆಯಿರಿ. ಮೊದಲು ಹಳೇ ಚಾಕುವಿನ ಮೇಲೆ ಕೈ ಪಳಗಿಸಿಕೊಳ್ಳಿ.